ಕೈಗೆಟುಕುವ ದೂರ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವವನು ನೋಡಿ ಕಲಿಯುತ್ತಾನೆ, ಓದುವವನು ಕುಳಿತು ಕಲಿಯುತ್ತಾನೆ ಎಂಬುದು ಆ ಮಾತಿನ ಭಾವ. ಈ ಎರಡು ಗುಂಪಿಗೂ ಸೇರದ ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಅವನು ಗಡಿ ದಾಟುತ್ತಾನೆ. ಆದರೆ ಅರಮನೆಯನ್ನಾಗಲಿ ಜಲಪಾತವನ್ನಾಗಲಿ ನೋಡುವ ವ್ಯವಧಾನ ಅವನಿಗಿಲ್ಲ. ಅವನ ಕಂಕುಳಲ್ಲಿಯೂ ಒಂದು ಕೋಶವಿರುತ್ತದೆ. ಅದರ ತುಂಬ ರಕ್ತಪರೀಕ್ಷೆಯ ಚೀಟಿಗಳು, ಎಕ್ಸ್-ರೇ ಹಾಳೆಗಳು, ನಾಲ್ಕಾರು ವೈದ್ಯರ ಕೈಬರಹ. ತನ್ನ ಕೈಗೆಟುಕುವ ವೆಚ್ಚದಲ್ಲಿ ರೋಗವನ್ನು ಗುಣಪಡಿಸಬಲ್ಲವರನ್ನು ಅರಸುತ್ತ ಅವನು ತನ್ನ ನಾಡನ್ನು ಬಿಟ್ಟು ಬಂದಿರುತ್ತಾನೆ. ಇದಕ್ಕೆ ಈಗ ‘ವೈದ್ಯಕೀಯ ಪ್ರವಾಸೋದ್ಯಮ’ ಎಂಬ ಹೆಸರು ರೂಢಿಗೆ ಬಂದಿದೆ. ಈ ಹೆಸರನ್ನು ಕೇಳಿದಾಗಲೆಲ್ಲ ನನ್ನ ಮನಸ್ಸಿಗೆ ಏನೋ ಕಸಿವಿಸಿ.

ನಾನು ವಾಸವಾಗಿರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಬೊಮ್ಮಸಂದ್ರದ ಸಮೀಪ. ರಾಗಿಯ ಹೊಲಗಳಿದ್ದ ನೆಲಕ್ಕೆ ಮೊದಲು ಕಾರ್ಖಾನೆಗಳು ಬಂದವು. ಈ ಶತಮಾನದ ಆರಂಭದಲ್ಲಿ ದೊಡ್ಡದೊಂದು ಹೃದ್ರೋಗ ಆಸ್ಪತ್ರೆ ಬಂದಿತು. ಅದರ ಹಿಂದೆಯೇ ಬಂಗಾಳಿ ಅಕ್ಷರಗಳ ನಾಮಫಲಕಗಳೂ ಬಂದವು. ಮೀನಿನ ಸಾರು ಬಡಿಸುವ ಊಟದ ಮನೆಗಳು, ಒಲೆ ಪಾತ್ರೆಗಳ ಸಹಿತ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೋಣೆಗಳು ಬೀದಿಬೀದಿಗಳಲ್ಲಿ ಎದ್ದವು. ನಮ್ಮ ಮನೆಯ ಮಹಡಿಯ ಕೋಣೆಯೂ ಅವುಗಳಲ್ಲಿ ಒಂದಾಯಿತು.

2019ರ ಚಳಿಗಾಲದಲ್ಲಿ ಆ ಕೋಣೆಗೆ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯಿಂದ ನಿವೃತ್ತ ಶಾಲಾ ಮೇಷ್ಟರೊಬ್ಬರು ಬಂದಿಳಿದರು. ಜೊತೆಯಲ್ಲಿ ಸೊಸೆ ಮತ್ತು ಆರು ವರ್ಷದ ಮೊಮ್ಮಗಳು. ಹುಟ್ಟಿದಾಗಿನಿಂದ ಆ ಮಗುವಿನ ಹೃದಯದಲ್ಲಿ ಒಂದು ರಂಧ್ರ. ವೈದ್ಯಕೀಯ ವೀಸಾ ಪಡೆದ ರೋಗಿಯ ಜೊತೆಗೆ ಇಬ್ಬರು ಸಹಾಯಕರು ಬರಬಹುದೆಂಬುದು ನಿಯಮ. ಆದುದರಿಂದ ಮಗುವಿನ ತಂದೆ ಊರಿನಲ್ಲಿಯೇ ಉಳಿದು ದುಡಿಯುತ್ತಿದ್ದ. ಬೇನಾಪೋಲಿನಲ್ಲಿ ಗಡಿ ದಾಟಿ, ಕಲ್ಕತ್ತೆಗೆ ಬಂದು, ಹೌರಾದಿಂದ ಒಂದೂವರೆ ದಿನ ರೈಲಿನಲ್ಲಿ ಕುಳಿತು ಅವರು ಬಂದಿದ್ದರು. ವಿದೇಶೀಯರಿಗೆ ಇಳಿದುಕೊಳ್ಳಲು ಸ್ಥಳ ಕೊಟ್ಟವರು 24 ಗಂಟೆಗಳೊಳಗೆ ‘ಸಿ’ ನಮೂನೆಯಲ್ಲಿ ಅವರ ವಿವರಗಳನ್ನು ಆಗ ಸಲ್ಲಿಸಬೇಕಾಗಿತ್ತು. ಭೇಟಿಯ ಉದ್ದೇಶವನ್ನು ಕೇಳುವ ಅಂಕಣದಲ್ಲಿ ‘ಚಿಕಿತ್ಸೆ’ ಎಂದು ನಾನು ತುಂಬುತ್ತಿದ್ದಾಗ ಮಗು ಕಿಟಕಿಯ ಬಳಿ ಉಸಿರು ಸುಧಾರಿಸಿಕೊಳ್ಳುತ್ತಿತ್ತು. ಹದಿನೆಂಟು ಮೆಟ್ಟಿಲು ಹತ್ತಿದ್ದೇ ಅದಕ್ಕೆ ಆಯಾಸವಾಗಿತ್ತು.

ಮೇಷ್ಟರು ಪ್ರತಿಯೊಂದು ಖರ್ಚನ್ನೂ ರೂಪಾಯಿಯಲ್ಲೊಮ್ಮೆ, ಟಾಕಾದಲ್ಲೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದು ಸಂಜೆ, “ಇಲ್ಲಿ ಖರ್ಚು ಅಗ್ಗವೆಂದು ಬಂದಿರಾ?” ಎಂದು ಕೇಳಿದೆ. ಅವರು ತಮಗೆ ಬಂದಷ್ಟು ಹಿಂದಿಯಲ್ಲಿ ನಿಧಾನವಾಗಿ ಉತ್ತರಿಸಿದರು: “ಅಗ್ಗ ಎಂಬ ಮಾತು ಬೇಕಾದರೆ ಕೊಳ್ಳುವ, ಬೇಡವಾದರೆ ಬಿಡುವ ಸರಕಿಗೆ ಸಲ್ಲುತ್ತದೆ, ದಾದಾ. ನನಗಿದ್ದ ಗದ್ದೆಯಲ್ಲಿ ಅರ್ಧವನ್ನು ಮಾರಿದೆ. ಆ ಹಣ ನಮ್ಮನ್ನು ಎಷ್ಟು ದೂರ ಕರೆದೊಯ್ಯುತ್ತದೆಂದು ಲೆಕ್ಕ ಹಾಕಿದೆ. ಸಿಂಗಪುರಕ್ಕೆ ಮುಟ್ಟಲಿಲ್ಲ, ಬೆಂಗಳೂರಿಗೆ ಮುಟ್ಟಿತು.”

ಇದು ಬಡ ದೇಶದವರ ಪಾಡು ಮಾತ್ರವೆಂದು ತಿಳಿಯಬಾರದು. ವಿಮೆಯಿಲ್ಲದ ಅಮೆರಿಕದ ಬಡಗಿಯೊಬ್ಬನಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಅಗತ್ಯವಾದಾಗ ಅವನ ಊರಿನ ಆಸ್ಪತ್ರೆ ಅಂದಾಜು ಮಾಡಿದ ವೆಚ್ಚ 2,00,000 ಡಾಲರುಗಳವರೆಗೆ ಇತ್ತು. 2004ರಲ್ಲಿ ಅವನು ದೆಹಲಿಗೆ ಬಂದು, ಪ್ರಯಾಣದ ಖರ್ಚೂ ಸೇರಿ ಸುಮಾರು 10,000 ಡಾಲರುಗಳಲ್ಲಿ ಗುಣ ಹೊಂದಿ ಮರಳಿದ. ಮೆಕ್ಸಿಕೋ ದೇಶದ ಗಡಿಯಲ್ಲಿ ಲಾಸ್ ಆಲ್ಗೊದೋನೆಸ್ ಎಂಬ ಪುಟ್ಟ ಊರಿದೆ. ಅಲ್ಲಿ ನೂರಾರು ಮಂದಿ ದಂತವೈದ್ಯರಿದ್ದಾರೆ. ಅಮೆರಿಕದ ವೃದ್ಧರು ಗಡಿಯ ಆಚೆ ವಾಹನ ನಿಲ್ಲಿಸಿ, ನಡೆದುಕೊಂಡೇ ಬಂದು ಹಲ್ಲು ಕಟ್ಟಿಸಿಕೊಂಡು ಹೋಗುತ್ತಾರೆ. ರೋಗ ಒಂದೇ, ದೇಹ ಒಂದೇ. ಗಡಿಯ ಗೆರೆ ದಾಟಿದೊಡನೆ ಬೆಲೆ ಮಾತ್ರ ಬೇರೆ.

ಈ ವ್ಯತ್ಯಾಸ ಎಲ್ಲಿಂದ ಬಂದಿತು? ಲಕ್ಷಾಂತರ ರೂಪಾಯಿಯ ಯಂತ್ರವೊಂದು ದಿನಕ್ಕೆ ಒಬ್ಬನಿಗಾಗಿ ದುಡಿದರೆ ಅದರ ಭಾರವೆಲ್ಲ ಅವನೊಬ್ಬನ ತಲೆಯ ಮೇಲೆ. ಬೆಳಗಿನಿಂದ ರಾತ್ರಿಯವರೆಗೆ ಹತ್ತು ಮಂದಿಗಾಗಿ ದುಡಿದರೆ ಭಾರ ಹತ್ತು ಪಾಲಾಗುತ್ತದೆ. ನಮ್ಮ ದಾದಿಯರ ಸಂಬಳ ಲಂಡನ್ನಿನ ದಾದಿಯರ ಸಂಬಳದ ಒಂದು ಸಣ್ಣ ಅಂಶ ಮಾತ್ರ. ಇನ್ನು ಔಷಧದ ಮಾತು. 1970ರ ನಮ್ಮ ಪೇಟೆಂಟ್ ಕಾಯಿದೆ ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಏಕಸ್ವಾಮ್ಯವನ್ನು ಕೊಟ್ಟಿತು, ಔಷಧಕ್ಕೇ ಕೊಡಲಿಲ್ಲ. 2005ರಲ್ಲಿ ಆ ನಿಯಮ ಬದಲಾಗುವಷ್ಟರಲ್ಲಿ ನಮ್ಮ ಕಾರ್ಖಾನೆಗಳ ಕೈ ಪಳಗಿತ್ತು. ಹೆಪಟೈಟಿಸ್ ಸಿ ರೋಗಕ್ಕೆ ಸೋಫೋಸ್ಬುವಿರ್ ಎಂಬ ಔಷಧವು 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಮಾತ್ರೆಯ ಬೆಲೆ 1,000 ಡಾಲರ್. 12 ವಾರಗಳ ಚಿಕಿತ್ಸೆಗೆ 84,000 ಡಾಲರ್. 2015ರಲ್ಲಿ ಅದೇ ಔಷಧ ಭಾರತದಲ್ಲಿ ತಯಾರಾಗಿ ಅದರ ಅತ್ಯಲ್ಪ ಭಾಗದ ಬೆಲೆಗೆ ದೊರೆಯತೊಡಗಿದಾಗ ಪರದೇಶದ ರೋಗಿಗಳು ಅದನ್ನು ಅರಸಿ ಇಲ್ಲಿಗೆ ಬಂದರು. ಅಗ್ಗವೆಂಬುದು ಆಕಾಶದಿಂದ ಉದುರಿದ್ದಲ್ಲ. ಅದರ ಹಿಂದೆ ಕಾನೂನಿದೆ, ಕೌಶಲವಿದೆ, ಕಡಿಮೆ ಕೂಲಿಗೆ ದುಡಿಯುವ ಅನೇಕರ ಬೆವರಿದೆ.

ಹೀಗೆ ಹೊರಗಿನವರಿಗೆ ಅಗ್ಗವೆನಿಸಿದ ಬೆಲೆ ಒಳಗಿನವರಿಗೂ ಅಗ್ಗವೆ? ಮೇಷ್ಟರಿಗೆ ಜೊತೆಯಾಗಿ ಆಸ್ಪತ್ರೆಗೆ ಹೋಗಿದ್ದ ದಿನ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಹನೂರಿನ ಕಡೆಯ ರೈತ ಮಹಿಳೆಯೊಬ್ಬಳು ಕುಳಿತಿದ್ದಳು. ಗಂಡನಿಗೆ ಎದೆನೋವು. “ಎರಡೆಮ್ಮೆ ಮಾರ್ಬುಟ್ಟು ಬಂದಿವ್ನಿ ಕಣಣ್ಣ” ಎಂದಳು. ಅದನ್ನು ಮೇಷ್ಟರಿಗೆ ತಿಳಿಸಿದೆ. ಅವರು ಏನನ್ನೂ ಹೇಳದೆ ತಮ್ಮ ಚೀಲದಿಂದ ಎರಡು ಕಿತ್ತಳೆಗಳನ್ನು ತೆಗೆದು ಅವಳ ಮಡಿಲಿಗೆ ಹಾಕಿದರು. ಗದ್ದೆ ಮಾರಿದವರಿಗೆ ಎಮ್ಮೆ ಮಾರಿದವಳ ಭಾಷೆ ತಿಳಿಯಲು ನನ್ನ ಅನುವಾದ ಬೇಕಾಗಿರಲಿಲ್ಲವೇನೋ! 2003ರಲ್ಲಿ ನಮ್ಮ ಸಹಕಾರ ಸಂಘಗಳ ರೈತರಿಗಾಗಿ ‘ಯಶಸ್ವಿನಿ’ ಯೋಜನೆ ಆರಂಭವಾದಾಗ ಒಬ್ಬ ಸದಸ್ಯ ತಿಂಗಳಿಗೆ ಕೊಡಬೇಕಾಗಿದ್ದುದು 5 ರೂಪಾಯಿ. ಹೃದಯದ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಿತ್ತು. ಬಹು ಜನರ ಚಿಕ್ಕಾಸು ಕೂಡಿದರೆ ಒಬ್ಬನ ಪ್ರಾಣ ಉಳಿಯುತ್ತದೆಂಬ ವಿವೇಕ ಅದರ ಹಿಂದಿತ್ತು. ಅಂತಹ ಆಸರೆ ತಲುಪದ ಕಡೆ ಎಮ್ಮೆ, ಗದ್ದೆ, ತಾಳಿಗಳೇ ವಿಮೆ.

ಹಣ ಹೊಂದಿಸಿದರೂ ದಾರಿ ತೆರೆದಿರಬೇಕಲ್ಲ! 2003ರ ಜುಲೈ 11ರಂದು ದೆಹಲಿ-ಲಾಹೋರ್ ಬಸ್ಸಿನ ಸಂಚಾರ ಮತ್ತೆ ಆರಂಭವಾದಾಗ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಾಯಿತಂದೆಯರೊಡನೆ ಲಾಹೋರಿನಿಂದ ಹೊರಟು ಬಂದು, ನಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಪಡೆಯಿತು. ಎರಡು ದೇಶಗಳ ಜನರೂ ಅದಕ್ಕಾಗಿ ಪ್ರಾರ್ಥಿಸಿದರು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮಿನ ಹತ್ಯಾಕಾಂಡದ ಬಳಿಕ, ಪಾಕಿಸ್ತಾನದವರ ವೈದ್ಯಕೀಯ ವೀಸಾಗಳು ಆ ತಿಂಗಳ 29ರವರೆಗೆ ಮಾತ್ರ ಸಲ್ಲುವುವೆಂದು ನಮ್ಮ ಸರಕಾರ ಪ್ರಕಟಿಸಿತು. ಅದಕ್ಕೂ ಮುಂಚೆ, 2024ರ ಆಗಸ್ಟಿನಲ್ಲಿ ಬಾಂಗ್ಲಾದೇಶದ ಆಡಳಿತ ಬದಲಾದ ಮೇಲೆ ಅಲ್ಲಿಯವರಿಗೆ ಭಾರತದ ವೀಸಾ ದೊರೆಯುವುದು ವಿರಳವಾಗಿತ್ತು. 2025ರ ಮಾರ್ಚಿನಲ್ಲಿ ಆ ದೇಶದ ರೋಗಿಗಳ ತಂಡವೊಂದು ಚೀನಾದ ಕುನ್ಮಿಂಗ್ ನಗರಕ್ಕೆ ಹೋಯಿತು. ರಾಜ್ಯಗಳಿಗೆ ಅವುಗಳದೇ ಆದ ಕಾರಣಗಳಿರುತ್ತವೆ. ಅವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಹೃದಯದ ರಂಧ್ರ ಪಂಚಾಂಗವನ್ನು ನೋಡುವುದಿಲ್ಲ.

ಮೇಷ್ಟರ ಮೊಮ್ಮಗಳು ಗುಣಮುಖಳಾಗಿ, ಮೆಟ್ಟಿಲುಗಳನ್ನು ಓಡುತ್ತ ಇಳಿದು ಊರಿಗೆ ಮರಳಿದಳು. ಮರುವರ್ಷ ತಪಾಸಣೆಗೆ ಬರಬೇಕಾಗಿತ್ತು. 2020ರಲ್ಲಿ ಮಹಾಮಾರಿ ಗಡಿಗಳನ್ನು ಮುಚ್ಚಿತು. ಢಾಕಾದ ವೈದ್ಯರೊಬ್ಬರು ಮಗುವನ್ನು ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆ ಎಂದರೆಂಬ ಸುದ್ದಿ ದೂರವಾಣಿಯಲ್ಲಿ ತಿಳಿದಾಗ ನಮ್ಮ ಮನೆಯಲ್ಲಿಯೂ ನಿಟ್ಟುಸಿರು ಬಿಟ್ಟೆವು. ದೂರದ ಚಿಕಿತ್ಸೆಗೆ ಈ ಒಂದು ಕೊರತೆ ಎಂದಿಗೂ ಇದ್ದದ್ದೇ: ಗಾಯ ಊರಿನಲ್ಲಿ, ಹೊಲಿದ ಕೈ ಪರದೇಶದಲ್ಲಿ.

ಖುಲ್ನಾದ ಮಗುವಿಗೆ ಖುಲ್ನಾದಲ್ಲಿ, ಹನೂರಿನ ರೈತನಿಗೆ ಹನೂರಿನ ಆಸುಪಾಸಿನಲ್ಲಿ ಚಿಕಿತ್ಸೆ ದೊರೆಯುವ ದಿನ ಬರಬೇಕು. ಅದುವರೆಗೆ ಬರುವವರು ಬರುತ್ತಲೇ ಇರುತ್ತಾರೆ. ಅವರನ್ನು ಪ್ರವಾಸಿಗಳೆಂದು ಎಣಿಸುವವರು ತಂದ ಹಣವನ್ನು ಎಣಿಸುತ್ತಾರೆ. ಅದರ ಜೊತೆಗೆ ಅವರು ತಮ್ಮ ಮನೆಯ ಒಂದು ಜೀವವನ್ನೂ, ಕಂಡರಿಯದ ನಮ್ಮ ಮೇಲಿನ ನಂಬಿಕೆಯನ್ನೂ ತಂದಿರುತ್ತಾರೆ. ಅದನ್ನು ಬರೆದುಕೊಳ್ಳಲು ‘ಸಿ’ ನಮೂನೆಯಲ್ಲಿ ಅಂಕಣವಿರಲಿಲ್ಲ. ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.