ಮಸ್ಕತ್ತಿನ ಕಪ್ಪೆಚಿಪ್ಪು ದಂಪತಿ

ಮಿಷನರಿ ಅಂದರೆ ಬೈಬಲ್ಲು, ಬೋಧನೆ ಅಂತಲೇ ನಮ್ಮ ಲೆಕ್ಕ. ಒಮಾನಿನ ಡೊನಾಲ್ಡ್ ಬಾಶ್, ಎಲೋಯಿಸ್ ಬಾಶ್ ದಂಪತಿಯನ್ನು ಜನ ನೆನೆಯುವುದು ಆಸ್ಪತ್ರೆಗೆ, ಮತ್ತೆ ಕಪ್ಪೆಚಿಪ್ಪಿಗೆ!

ಅಮೆರಿಕದ ರಿಫಾರ್ಮ್ಡ್ ಚರ್ಚಿನ ಅರೇಬಿಯನ್ ಮಿಷನ್ನಿನಿಂದ 1955ರಲ್ಲಿ ಬಂದವರು. ಡೊನಾಲ್ಡ್ ಮಸ್ಕತ್ತಿನ ಪಕ್ಕದ ಮತ್ರಾದ ಮಿಷನ್ ಆಸ್ಪತ್ರೆಯಲ್ಲಿ ಸರ್ಜನ್. ಮತಾಂತರವಾದವರು ಬೆರಳೆಣಿಕೆಯಷ್ಟು; ಆಸ್ಪತ್ರೆಗೆ ಬಂದ ರೋಗಿಗಳಿಗಂತೂ ಲೆಕ್ಕವಿಲ್ಲ. ಬಿಡುವು ಸಿಕ್ಕಾಗ ಗಂಡ ಹೆಂಡತಿ ಕಡಲ ದಂಡೆಯಲ್ಲಿ ತಲೆ ಬಗ್ಗಿಸಿ ಚಿಪ್ಪು ಹುಡುಕುತ್ತಿದ್ದರು. ಮಸೀರಾ ದ್ವೀಪದಲ್ಲಿ ಸಿಕ್ಕ, ಕಿತ್ತಳೆ-ಗುಲಾಬಿ ಪಟ್ಟೆಗೆ ಕಪ್ಪು ಅಂಚಿನ ಒಂದು ಪುಟ್ಟ ಚಿಪ್ಪು ವಿಜ್ಞಾನಕ್ಕೇ ಹೊಸದು. 1973ರಲ್ಲಿ ಅದಕ್ಕೆ ಎಲೋಯಿಸ್ ಹೆಸರನ್ನೇ ಇಟ್ಟರು. ಅದಕ್ಕೂ ಮೊದಲು, 1972ರಲ್ಲಿ, ಒಂದು ಶಂಕುಚಿಪ್ಪು 'ಕೋನಸ್ ಬಾಶಿ' ಆಗಿತ್ತು. ಇಬ್ಬರಿಗೂ ತಲಾ ಒಂದು, ಜಗಳವಿಲ್ಲ. 1982ರಲ್ಲಿ ಇಬ್ಬರೂ ಸೇರಿ ಒಮಾನಿನ ಚಿಪ್ಪುಗಳ ಬಗ್ಗೆ ಪುಸ್ತಕವನ್ನೇ ತಂದರು. ನಿವೃತ್ತಿಯ ಮೇಲೂ ಅಲ್ಲೇ ಬೀಡು.

ಮಿಷನರಿಗಳು ಬೋಧನೆಗಿಂತ ಬೇರೆಯದಕ್ಕೆ ನೆನಪಾಗುವುದು ನಮಗೇನೂ ಹೊಸದಲ್ಲ. 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್ನಿನವರು ಬಂದದ್ದು ಧರ್ಮ ಹೇಳಲಿಕ್ಕೆ. ನಮ್ಮ ಕಡೆ ಉಳಿದದ್ದು ಹೆಂಚು, ಮುದ್ರಣಾಲಯ, 1894ರ ಕಿಟೆಲ್ ನಿಘಂಟು. ಚರ್ಚಿನ ವರದಿಗಳಲ್ಲಿ ಇವಕ್ಕೆಲ್ಲ ಯಾವ ಕಾಲಂ ಇತ್ತೋ!

ಮಸ್ಕತ್ತಿನಲ್ಲಿರುವ ನಮ್ಮೂರಿನವರೇ, ಮಕ್ಕಳ ಬಾಣಂತನಕ್ಕೆ ಬಂದು ಫ್ಲಾಟಿನಲ್ಲಿ ಬೇಸರಪಡುವ ಅಪ್ಪ-ಅಮ್ಮನನ್ನು ಸಂಜೆ ಒಮ್ಮೆ ಚಿಪ್ಪು ನೋಡಲು ಕುರುಮ್ ಬೀಚಿಗೆ ಕರಕೊಂಡು ಹೋಗಿ. ಮೊಬೈಲು ಮನೆಯಲ್ಲೇ ಇರಲಿ.