ಹಳೇ ಉತ್ತರ ಯಾರ ಪಾಲಿಗೆ?

ಆಫೀಸಲ್ಲಿ ನಾನು ಕ್ಯಾಶ್ ನೋಡಿಕೊಳ್ತೀನಿ ಅಂದರೆ ಊರಲ್ಲಿ ಎಲ್ಲರೂ ‘ಓ, ಬ್ಯಾಂಕಾ?’ ಅಂತಾರೆ. ಉಚ್ಚಾರ ಒಂದೇ, ಆದರೆ ಇದು ದುಡ್ಡಿನ ಕ್ಯಾಶ್ ಅಲ್ಲ. ಒಮ್ಮೆ ಕಷ್ಟಪಟ್ಟು ತಂದ ಉತ್ತರವನ್ನು, ಮತ್ತೆ ಯಾರಾದರೂ ಕೇಳಿಯಾರು ಅಂತ ಕೈಗೆಟುಕುವ ಜಾಗದಲ್ಲಿ ಇಟ್ಟುಕೊಳ್ಳೋದಕ್ಕೆ ಕಂಪ್ಯೂಟರ್‌ನವರು ಕೊಟ್ಟ ಹೆಸರು.

ಮೆಡಿಕಲ್ ಸ್ಟೋರಿಗೆ ಫೋನ್ ಮಾಡಿ ‘ಇನ್ಸುಲಿನ್ ಇದೆಯಾ?’ ಅಂತ ಕೇಳಿದಿರಿ ಅಂತಿಟ್ಟುಕೊಳ್ಳಿ. ಅಂಗಡಿಯವರು ‘ಒಂದ್ನಿಮಿಷ ಇರಿ’ ಅಂತ ಎದ್ದು ಹೋಗಿ, ಫ್ರಿಜ್ ತೆಗೆದು ನೋಡಿ ಹೇಳಬಹುದು. ಇಲ್ಲವೇ ಕೂತಲ್ಲಿಂದಲೇ, ಬೆಳಿಗ್ಗೆ ನೋಡಿದ ನೆನಪಿನ ಮೇಲೆ ‘ಇದೆ, ಬನ್ನಿ’ ಅನ್ನಬಹುದು. ಎರಡನೆಯದೇ ಕ್ಯಾಶ್. ಬೇಗ ಸಿಗುತ್ತೆ, ಬಹುತೇಕ ಸಲ ಸರಿಯಾಗೇ ಇರುತ್ತೆ.

ನಾನು ಕೆಲಸ ಮಾಡುವ ಪುಟ್ಟ ಕಂಪನಿಯ ಆ್ಯಪ್ ಹೇಳೋದೂ ಇದನ್ನೇ: ಯಾವ ಔಷಧಿ ಯಾವ ಅಂಗಡಿಯಲ್ಲಿದೆ ಅಂತ. ಪ್ರತಿ ಸಲವೂ ಅಂಗಡಿಯ ಕಂಪ್ಯೂಟರನ್ನೇ ಕೇಳುತ್ತಾ ಕೂತರೆ ತಡವಾಗುತ್ತೆ, ಅಲ್ಲಿನ ಇಂಟರ್‌ನೆಟ್ಟೂ ನಿಧಾನ. ಹಾಗಾಗಿ ಒಂದು ಸಲ ಬಂದ ಉತ್ತರವನ್ನು ಐದು ನಿಮಿಷ ಇಟ್ಟುಕೊಳ್ತೀವಿ. ಮಾತ್ರೆಗೆ ಎಕ್ಸ್‌ಪೈರಿ ಇರೋ ಹಾಗೆ ಉತ್ತರಕ್ಕೂ ಎಕ್ಸ್‌ಪೈರಿ.

ಐದು ನಿಮಿಷ ದಾಟಿದ ಮೇಲೆ ಕೇಳಿದವರ ಗತಿ? ಮೊದಲು ಅವರು ಕಾಯಬೇಕಿತ್ತು. ಕಾಯಿಸೋದು ಬೇಡ, ಹಳೇ ಉತ್ತರವನ್ನೇ ತಕ್ಷಣ ಕೊಟ್ಟುಬಿಡೋಣ, ಅದೇ ಹೊತ್ತಿಗೆ ಹಿಂದಿನಿಂದ ಸದ್ದಿಲ್ಲದೆ ಹೊಸದನ್ನು ತರಿಸಿಕೊಳ್ಳೋಣ ಅನ್ನೋದು ಹೊಸ ಯೋಜನೆ. ಇದಕ್ಕೆ ಬ್ಯಾಕ್‌ಗ್ರೌಂಡ್ ರಿಫ್ರೆಶ್ ಅಂತಾರೆ. ನಮ್ಮ ಅಮ್ಮಂದಿರಿಗೆ ಇದು ಹೊಸದೇನಲ್ಲ. ಮೊಸರು ಪೂರ್ತಿ ಖಾಲಿಯಾದ ಮೇಲೆ ಹೆಪ್ಪು ಹಾಕಲು ಹೊರಟರೆ ಅವತ್ತಿನ ಊಟಕ್ಕೆ ಮೊಸರಿಲ್ಲ. ಅದಕ್ಕೇ ಹಳೇ ಮೊಸರು ಬಡಿಸುತ್ತಿರುವಾಗಲೇ ಇನ್ನೊಂದು ಪಾತ್ರೆಯಲ್ಲಿ ಹೊಸದು ಹೆಪ್ಪುಗಟ್ಟುತ್ತಿರುತ್ತೆ.

ಈ ಕೋಡ್ ಬರೆದದ್ದು ನಮ್ಮ ಟೀಮಿಗೆ ಸೇರಿ ಆರು ತಿಂಗಳೂ ಆಗದ ಹುಡುಗಿ. ದಾವಣಗೆರೆ ಜಿಲ್ಲೆಯ ಜಗಳೂರಿನವಳು. ಅವಳ ಮೊದಲ ದೊಡ್ಡ ಕೆಲಸ ಇದು. ತಿಂಗಳ ಕೊನೆಗೆ ಪ್ರೊಬೇಷನ್ ಮುಗಿಯುವುದಿತ್ತು, ರಿಲೀಸ್ ಅದಕ್ಕೂ ಮೊದಲಿನ ಮಂಗಳವಾರ. ರಿವ್ಯೂ ನನ್ನ ಪಾಲಿಗೆ ಬಂತು. ನಾನು ಅಪ್ರೂವ್ ಒತ್ತದೆ ಅದು ಮುಂದಕ್ಕೆ ಹೋಗೋ ಹಾಗಿಲ್ಲ.

ಕೋಡ್ ಅಚ್ಚುಕಟ್ಟಾಗಿತ್ತು. ಆದರೂ ಇಂಥ ಕೋಡಿನಲ್ಲಿ ನೋಡಲೇಬೇಕಾದ ಕೆಲವು ಜಾಗ ಇರುತ್ತವೆ. ಮೊದಲನೆಯದು ಹಾಲಿನ ಪ್ಯಾಕೆಟ್ ಸಮಸ್ಯೆ. ಬಿಟಿಎಂ ಲೇಔಟಿನ ಫ್ಲ್ಯಾಟಿನಲ್ಲಿ ಮೂವರು ಗೆಳತಿಯರು. ಹಾಲು ಖಾಲಿ ಅಂತ ಬೆಳಿಗ್ಗೆ ಮೂವರೂ ನೋಡಿದ್ದಾರೆ. ಸಂಜೆ ಮೂವರೂ ಒಂದೊಂದು ನಂದಿನಿ ಪ್ಯಾಕೆಟ್ ಹಿಡಿದುಕೊಂಡು ಬರ್ತಾರೆ. ಕ್ಯಾಶ್‌ನಲ್ಲೂ ಹೀಗೇ. ಒಂದು ಉತ್ತರದ ಅವಧಿ ಮುಗಿದ ಕ್ಷಣದಲ್ಲಿ ಇನ್ನೂರು ಜನ ಅದನ್ನೇ ಕೇಳಿದರೆ, ಇನ್ನೂರು ಜನಕ್ಕೂ ‘ಇದು ಹಳೆಯದು’ ಅಂತ ಕಾಣುತ್ತೆ, ಇನ್ನೂರು ರಿಫ್ರೆಶ್ ಒಟ್ಟಿಗೆ ಹೊರಡುತ್ತೆ. ಆ ಕಡೆ ಇರೋದು ಒಂದು ಅಂಗಡಿಯ ಒಂದು ಹಳೇ ಕಂಪ್ಯೂಟರ್.

ಇದು ಸಣ್ಣವರ ಸಮಸ್ಯೆ ಮಾತ್ರ ಅಲ್ಲ. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಮಲಗಿತ್ತು. ಒಂದು ಸೆಟ್ಟಿಂಗ್ ತಪ್ಪಾಗಿದೆ ಅಂತ ಕಂಡ ಕೂಡಲೇ ಎಲ್ಲ ಯಂತ್ರಗಳೂ ಸರಿಯಾದದ್ದನ್ನು ತರಲು ಒಂದೇ ಡೇಟಾಬೇಸಿನ ಮೇಲೆ ಮುಗಿಬಿದ್ದವು. ಭಾರಕ್ಕೆ ಅದು ಎರರ್ ಕೊಟ್ಟಾಗ, ಆ ಎರರನ್ನೂ ‘ತಪ್ಪು ಉತ್ತರ’ ಅಂತಲೇ ತಿಳಿದು ಕ್ಯಾಶ್ ಅಳಿಸಿ ಮತ್ತೆ ಕೇಳಿದವು. ಕೊನೆಗೆ ಸೈಟನ್ನೇ ನಿಲ್ಲಿಸಿ ಸರಿಮಾಡಬೇಕಾಯಿತು. 2013ರಲ್ಲಿ ಅದೇ ಕಂಪನಿಯ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ನುಗ್ಗಾಟಕ್ಕೆ ಉಪಾಯ ಇದೆ: ಒಂದು ಉತ್ತರಕ್ಕೆ 10 ಸೆಕೆಂಡಿಗೆ ಒಬ್ಬರಿಗೆ ಮಾತ್ರ ‘ಹೋಗಿ ತಾ’ ಅನ್ನೋ ಟೋಕನ್, ಉಳಿದವರಿಗೆ ‘ಸ್ವಲ್ಪ ತಾಳು’. ಅವರ ಒಂದು ಅಳತೆಯಲ್ಲಿ, ಡೇಟಾಬೇಸಿಗೆ ಸೆಕೆಂಡಿಗೆ 17,000ದವರೆಗೆ ಹೋಗುತ್ತಿದ್ದ ಪ್ರಶ್ನೆಗಳು 1,300ಕ್ಕೆ ಇಳಿದವು.

ನಮ್ಮ ಹುಡುಗಿಗೆ ಹಾಲಿನ ಪ್ಯಾಕೆಟ್ ಕಥೆ ಹೇಳಿದೆ. ನಕ್ಕಳು. ಊಟದ ಹೊತ್ತಿಗೆ ಮುಂಚೆ ಲಾಕ್ ಹಾಕಿದ ಕೋಡ್ ಬಂತು: ಮೊದಲು ಬಂದವರೊಬ್ಬರೇ ರಿಫ್ರೆಶ್‌ಗೆ ಹೋಗಬೇಕು. ಆದರೆ ‘ನಾನು ಹಾಲು ತರ್ತಿದ್ದೀನಿ’ ಅಂತ ಗ್ರೂಪಿನಲ್ಲಿ ಹಾಕಿದವಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡರೆ? ಉಳಿದಿಬ್ಬರು ರಾತ್ರಿವರೆಗೂ ಕಾಫಿ ಇಲ್ಲದೆ ಕೂತಿರಬೇಕಾ? ಲಾಕ್‌ಗೂ ಒಂದು ಅವಧಿ ಬೇಕು, ಅದು ಮುಗಿದರೆ ಇನ್ನೊಬ್ಬರು ಹೊರಡಬೇಕು. ಅದನ್ನೂ ಹಾಕಿದಳು.

ಮೂರನೆಯದು ಸದ್ದಿಲ್ಲದೆ ಸೋಲೋದು. ಹಿಂದಿನಿಂದ ನಡೆಯುವ ಕೆಲಸ ಕೆಟ್ಟರೆ ಮುಂದೆ ಇರುವವರಿಗೆ ಗೊತ್ತಾಗೋಲ್ಲ, ಅವರ ಕೈಗೆ ಆಗಲೇ ಒಂದು ಉತ್ತರ ಸಿಕ್ಕಿರುತ್ತೆ. ಜಾವಾದಲ್ಲಿ ಎಕ್ಸಿಕ್ಯೂಟರ್‌ಗೆ ಸಬ್‌ಮಿಟ್ ಮಾಡಿದ ಕೆಲಸ ಕೆಟ್ಟರೆ ಆ ಎರರ್ ‘ಫ್ಯೂಚರ್’ ಅನ್ನೋ ಡಬ್ಬಿಯೊಳಗೆ ಕೂತಿರುತ್ತೆ. ಯಾರೂ ಡಬ್ಬಿ ತೆರೆಯದಿದ್ದರೆ ಲಾಗ್‌ನಲ್ಲಿ ಒಂದು ಸಾಲೂ ಬರೋಲ್ಲ. ಅಡುಗೆಮನೆಯಲ್ಲಾದರೆ ಬೆಳಿಗ್ಗೆ ಪಾತ್ರೆ ಮುಚ್ಚಳ ತೆಗೆದಾಗ ಮೊಸರು ಹೆಪ್ಪುಗಟ್ಟಿಲ್ಲ ಅಂತ ಕಾಣುತ್ತೆ. ಇಲ್ಲಿ ಮುಚ್ಚಳ ತೆಗೆಯುವವರನ್ನು ನಾವೇ ನೇಮಿಸಬೇಕು. ಸತತವಾಗಿ ಮೂರು ಸಲ ಸೋತರೆ ನಮ್ಮ ಫೋನಿಗೆ ಅಲರ್ಟ್ ಬರುವ ಹಾಗೆ ಮಾಡಿದಳು.

ಸಾಮಾನ್ಯವಾಗಿ ಇಷ್ಟಕ್ಕೆ ರಿವ್ಯೂ ಮುಗಿಯುತ್ತೆ. ಟೆಸ್ಟುಗಳೆಲ್ಲ ಹಸಿರು. ಆದರೆ ಟೆಸ್ಟ್ ಓದುತ್ತಾ ಒಂದು ಕಡೆ ನಿಂತೆ. ಅದರ ಕ್ರಮ ಹೀಗಿತ್ತು: ಒಂದು ಸಲ ಕೇಳು, ಉತ್ತರ ಬರಲಿ. ಗಡಿಯಾರವನ್ನು ಆರು ನಿಮಿಷ ಮುಂದೆ ಹಾಕು. ಎರಡನೇ ಸಲ ಕೇಳು, ಹಳೇ ಉತ್ತರ ಬರಬೇಕು. ಸ್ವಲ್ಪ ತಾಳು. ಮೂರನೇ ಸಲ ಕೇಳು, ಹೊಸ ಉತ್ತರ ಬರಬೇಕು. ಬಂತು, ಪಾಸ್.

ಅವಳನ್ನು ಪಕ್ಕಕ್ಕೆ ಕರೆದೆ. ‘ಈ ಮೂರನೇ ಸಲ ಕೇಳೋರು ಯಾರಮ್ಮಾ?’

‘ಯಾರಾದ್ರೂ ಬೇರೆ ಗಿರಾಕಿ, ಅಕ್ಕಾ.’

‘ಯಾವಾಗ ಬರ್ತಾರೆ?’

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದಳು. ‘ಜಯನಗರದ ಅಂಗಡಿಯಾದ್ರೆ ಇನ್ನೊಂದು ನಿಮಿಷಕ್ಕೆ ಬರ್ತಾರೆ.’ ಆಮೇಲೆ ದನಿ ತಗ್ಗಿಸಿ, ‘ನಮ್ಮೂರಿನ ಅಂಗಡಿಯಾದ್ರೆ… ನಾಳೆ ಬರಬಹುದು, ಅಕ್ಕಾ’ ಅಂದಳು.

ಅಷ್ಟೇ ವಿಷಯ. ಈ ವ್ಯವಸ್ಥೆಯಲ್ಲಿ ಹೊಸ ಉತ್ತರ ತರಿಸೋದು ಯಾರಾದರೂ ಕೇಳಿದಾಗ ಮಾತ್ರ, ಮತ್ತು ಕೇಳಿದವರಿಗೆ ಅದು ಸಿಗೋಲ್ಲ, ಅವರ ಹಿಂದೆ ಬಂದವರಿಗೆ ಸಿಗುತ್ತೆ. ಜನ ಒಬ್ಬರ ಹಿಂದೊಬ್ಬರು ಬರೋ ಕಡೆ ಇದು ಚಿನ್ನದಂಥ ಏರ್ಪಾಡು. ದಿನಕ್ಕೆ ಒಬ್ಬರೋ ಇಬ್ಬರೋ ಕೇಳುವ ಅಂಗಡಿಯಲ್ಲಿ? ಇವತ್ತು ಕೇಳಿದವರಿಗೆ ನಿನ್ನೆಯ ಉತ್ತರ. ಅವರ ದೆಸೆಯಿಂದ ಬಂದ ಹೊಸ ಉತ್ತರ ಯಾರೂ ನೋಡದೆ ಐದು ನಿಮಿಷಕ್ಕೆ ಹಳೆಯದಾಗುತ್ತೆ. ನಾಳೆ ಬಂದವರಿಗೆ ಅದೇ ಹಳೆಯದು. ಅಲ್ಲಿ ಪ್ರತಿಯೊಬ್ಬರಿಗೂ, ಪ್ರತಿ ಸಲವೂ ಹಳಸಿದ ಉತ್ತರವೇ.

ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಕರೆಂಟ್ ನಂಬಿಕೊಂಡಿರುವ ಸಣ್ಣ ಅಂಗಡಿಯವರು ಎರಡು ಮೂರು ಬಾಟಲಿಗಿಂತ ಹೆಚ್ಚು ತರಿಸೋಕೆ ಹೆದರ್ತಾರೆ. ನಿನ್ನೆ ಎರಡು ಇದ್ದದ್ದು ಇವತ್ತು ಸೊನ್ನೆ ಆಗೋಕೆ ಎಷ್ಟು ಹೊತ್ತು ಬೇಕು? ಆ್ಯಪ್ ‘ಇದೆ’ ಅಂದಿತು ಅಂತ ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಅಂಗಡಿಯಲ್ಲಿ ‘ಖಾಲಿ ಆಯ್ತಲ್ಲ’ ಅನ್ನೋ ಮಾತು ಸಿಗುತ್ತೆ. ವಾಪಸ್ ಬಸ್ಸು ಎಷ್ಟು ಹೊತ್ತಿಗೋ.

ಮ್ಯಾನೇಜರ್ ಜೊತೆ ಕೂತೆವು. ಅವರು ಕೆಟ್ಟವರಲ್ಲ, ಅವರ ತಲೆನೋವೇ ಬೇರೆ. ‘ನಾವು ಕೊಡೋ ಉತ್ತರದ ಸರಾಸರಿ ವಯಸ್ಸು ಐದು ನಿಮಿಷದೊಳಗೇ ಇದೆ, ಟ್ರಯಲ್‌ನಲ್ಲಿ ನೋಡಿದ್ದೀವಿ. ಎರಡು ಸೆಕೆಂಡ್ ಕಾಯಿಸಿದ್ರೆ ಜನ ಆ್ಯಪ್ ಮುಚ್ಚಿ ಹೋಗ್ತಾರೆ’ ಅಂದರು. ಸರಾಸರಿ ಸುಳ್ಳಲ್ಲ. ಆದರೆ ಆ ಸರಾಸರಿ ಅಂಗಡಿಗಳದ್ದಲ್ಲ, ಕೇಳಿದ ಸಲಗಳದ್ದು. ಸಾವಿರ ಸಲ ಕೇಳಿದ ಜಯನಗರ ಅದರಲ್ಲಿ ಸಾವಿರ ಸಲ ಎಣಿಕೆಗೆ ಬರುತ್ತೆ, ಒಂದೇ ಸಲ ಕೇಳಿದ ಜಗಳೂರು ಒಂದೇ ಸಲ. ನಾನು ಕೇಳಿದ್ದು ಒಂದೇ: ‘ಸರ್, ಸರಾಸರಿ ಬೇಡ. ಅತ್ಯಂತ ಹಳೇ ಉತ್ತರ ಯಾರಿಗೆ ಹೋಗುತ್ತೆ, ಅದು ಎಷ್ಟು ಹಳೆಯದು ಅಂತ ಅಂಗಡಿವಾರು ತೋರಿಸಿ.’

ಅಪ್ರೂವ್ ಒತ್ತಲಿಲ್ಲ. ಸುಲಭವಾಗಿತ್ತು ಅಂತ ಹೇಳಲಾರೆ. ತಡ ಆದರೆ ಪ್ರೊಬೇಷನ್ ಹೊತ್ತಿಗೆ ಆ ಹುಡುಗಿಯ ಹೆಸರಿನಲ್ಲಿ ಮುಗಿಯದ ಕೆಲಸ ಇರುತ್ತೆ. ಅದಕ್ಕೇ ರಿವ್ಯೂ ಕಾಮೆಂಟಿನಲ್ಲಿ ‘ಇದು ತಪ್ಪು’ ಅಂತ ಬರೆಯಲಿಲ್ಲ. ‘ಎಷ್ಟು ಹಳೇ ಉತ್ತರ ಕೊಡಬಹುದು ಅಂತ ಸ್ಪೆಕ್‌ನಲ್ಲಿ ಹೇಳಿಲ್ಲ, ಅದು ಪ್ರಾಡಕ್ಟ್ ಟೀಮ್ ತೀರ್ಮಾನಿಸಬೇಕು, ಅಲ್ಲಿಯವರೆಗೆ ತಡೆ’ ಅಂತ ಬರೆದೆ. ತಡಕ್ಕೆ ಕಾರಣ ಯಾರು ಅಂತ ಆಮೇಲೆ ಓದುವವರಿಗೆ ಗೊತ್ತಿರಲಿ.

ಅವಳು ಮೊದಲು ಯೋಚಿಸಿದ್ದು, ಯಾರೂ ಕೇಳದಿದ್ದರೂ ಎಲ್ಲ ಅಂಗಡಿಗಳನ್ನೂ ಐದು ನಿಮಿಷಕ್ಕೊಮ್ಮೆ ಕೇಳಿಬಿಡೋಣ ಅಂತ. ಆಮೇಲೆ ಅವಳೇ ಬಿಟ್ಟಳು. ದಿನಕ್ಕೆ ಒಬ್ಬ ಗಿರಾಕಿಗೋಸ್ಕರ ಬಡಪಾಯಿ ಕಂಪ್ಯೂಟರನ್ನು ದಿನವಿಡೀ ಕಾಡೋದು ನ್ಯಾಯವಲ್ಲ, ಕರೆಂಟ್ ಹೋದಾಗ ಅದು ಉತ್ತರಿಸೋದೂ ಇಲ್ಲ. ಕೊನೆಗೆ ಉಳಿದದ್ದು ಹಳೇ ಜಾಣತನವೇ, ಎರಡು ಗೆರೆ ಎಳೆಯೋದು. ಐದು ನಿಮಿಷದಿಂದ ಅರ್ಧ ಗಂಟೆವರೆಗಿನ ಉತ್ತರವಾದರೆ ತಕ್ಷಣ ಕೊಟ್ಟು ಹಿಂದಿನಿಂದ ಹೊಸದು ತರಿಸು. ಅರ್ಧ ಗಂಟೆ ದಾಟಿದ್ದರೆ ಕೊಡಲೇಬೇಡ, ಗಿರಾಕಿ ಎರಡು ಸೆಕೆಂಡ್ ಕಾಯಲಿ, ಹೊಸದನ್ನೇ ಕೊಡು. ಅಂಗಡಿ ಕೈಗೆ ಸಿಗದಿದ್ದರೆ ‘ಇದು ಬೆಳಿಗ್ಗೆ 9.10ರ ಮಾಹಿತಿ, ಹೊರಡುವ ಮುಂಚೆ ಫೋನ್ ಮಾಡಿ’ ಅಂತ ಅಂಗಡಿಯ ನಂಬರ್ ಸಮೇತ ತೋರಿಸು.

ಇದೇನು ನಮ್ಮ ಆವಿಷ್ಕಾರ ಅಲ್ಲ. ವೆಬ್ ಕ್ಯಾಶ್‌ಗಳಿಗೆ ‘ಸ್ಟೇಲ್ ವೈಲ್ ರೀವ್ಯಾಲಿಡೇಟ್’ ಅನ್ನೋ ಸೂಚನೆಯನ್ನು ವಿವರಿಸಿದ 2010ರ ಆರ್‌ಎಫ್‌ಸಿ 5861 ಕೊಡೋ ಉದಾಹರಣೆಯಲ್ಲೇ ಎರಡು ಸಂಖ್ಯೆಗಳಿವೆ: 600 ಸೆಕೆಂಡ್ ತಾಜಾ, ಆಮೇಲೆ 30 ಸೆಕೆಂಡ್ ಮಾತ್ರ ಹಳೆಯದನ್ನು ಕೊಡಬಹುದು. ಜಾವಾದವರು ಬಳಸುವ ‘ಕ್ಯಾಫೀನ್’ ಲೈಬ್ರರಿಯಲ್ಲೂ ರಿಫ್ರೆಶ್ ಆಗುವ ಅವಧಿ ಬೇರೆ, ಎಕ್ಸ್‌ಪೈರ್ ಆಗುವ ಅವಧಿ ಬೇರೆ. ಎರಡನ್ನೂ ಒಟ್ಟಿಗೆ ಇಡಬಹುದು. ಮೊದಲನೆಯದನ್ನಷ್ಟೇ ಇಟ್ಟು ಎರಡನೆಯದನ್ನು ಬಿಟ್ಟರೆ ಕೋಡ್ ಓಡುತ್ತೆ, ಯಾರೂ ಬೈಯೋಲ್ಲ. ಬೈಯಬೇಕಾದವರು ಬಸ್ ಸ್ಟ್ಯಾಂಡಿನಲ್ಲಿ ಕೂತಿರ್ತಾರೆ, ನಮ್ಮ ಆಫೀಸಿನ ವಿಳಾಸ ಅವರಿಗೆ ಗೊತ್ತಿರೋಲ್ಲ.

ನೀವೂ ಇಂಥ ಕೋಡ್ ರಿವ್ಯೂ ಮಾಡುವವರಾದರೆ ನಾಲ್ಕು ಪ್ರಶ್ನೆ ಕೈಯಲ್ಲಿರಲಿ. ಒಂದೇ ಉತ್ತರಕ್ಕೆ ಎಷ್ಟು ಜನ ಓಡ್ತಾರೆ? ಓಡಿದವರು ವಾಪಸ್ ಬರದಿದ್ದರೆ ಏನು? ಸೋತದ್ದು ಯಾರಿಗೆ ಗೊತ್ತಾಗುತ್ತೆ? ಯಾರೂ ಕೇಳದೆ ಒಂದು ದಿನ ಕಳೆದರೆ, ಆಮೇಲೆ ಬಂದ ಮೊದಲನೆಯವರ ಕೈಗೆ ಏನು ಸಿಗುತ್ತೆ? ಮೊದಲ ಮೂರನ್ನು ಬ್ಲಾಗುಗಳು ಹೇಳಿಕೊಡ್ತವೆ. ನಾಲ್ಕನೆಯದಕ್ಕೆ, ಕೇಳುವವರು ಕಡಿಮೆ ಇರುವ ಊರೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ರಿಲೀಸ್ ಒಂದು ವಾರ ತಡವಾಯಿತು. ಅವಳ ಪ್ರೊಬೇಷನ್ ಕನ್ಫರ್ಮ್ ಆಯಿತು, ಎರಡು ವಾರ ತಡವಾಗಿ. ಹೊಸ ಟೆಸ್ಟಿನಲ್ಲಿ ಮೂರನೇ ಸಲ ಕೇಳುವವರಿಲ್ಲ, ಒಂದು ದಿನ ಬಿಟ್ಟು ಒಬ್ಬರೇ ಬಂದು ಕೇಳ್ತಾರೆ. ಅದಕ್ಕೆ ಅವಳು ಇಟ್ಟ ಹೆಸರು ‘ಜಗಳೂರು’. ತಿಂಗಳ ಮೀಟಿಂಗಿನಲ್ಲಿ ‘ಸಣ್ಣ ಊರುಗಳಲ್ಲಿ ಆ್ಯಪ್ ಎರಡು ಸೆಕೆಂಡ್ ನಿಧಾನ ಯಾಕೆ?’ ಅನ್ನೋ ಪ್ರಶ್ನೆ ಈಗಲೂ ಬರುತ್ತೆ. ಹೋದ ಸಲ ನಾನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು: ‘ಅಲ್ಲಿ ಎರಡು ಸೆಕೆಂಡ್ ಉಳಿಸೋಕೆ ಹೋದ್ರೆ ಅವರಿಗೆ ಅರ್ಧ ದಿನ ಹೋಗುತ್ತೆ, ಸರ್.’