ಜಗುಲಿಯ ಅಂಚಿನಲ್ಲಿ ಮದುಮಕ್ಕಳು

ಪ್ರೀತಿಯ ಗೆಳೆಯರೆ,

ನಿಮ್ಮ ಪತ್ರ ಬಂತು. ತಂಗಿಯ ಮಗಳ ಮದುವೆಗೆ ಛತ್ರ ಬೇಡವೆಂದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲೇ ಚಪ್ಪರ ಹಾಕಿಸುತ್ತಿದ್ದೀರಿ ಎಂದು ಓದಿ ಮನಸ್ಸು ತಂಪಾಯಿತು. ಮದುವೆಯ ಫೋಟೋ ಎಲ್ಲ ಬೇರೆಯವರು ತೆಗೆಯಲಿ, ಜೋಡಿ ಚಿತ್ರ ಮಾತ್ರ ಮಾವನೇ ತೆಗೆಯಬೇಕು ಎಂದು ಹುಡುಗಿ ಪಟ್ಟು ಹಿಡಿದಿರುವುದು ನಿಮ್ಮ ಭಾಗ್ಯ. ಯಾವ ಲೆನ್ಸ್ ಬಾಡಿಗೆಗೆ ತರಲಿ ಎಂದು ಕೇಳಿದ್ದೀರಿ. 85 ಎಂ.ಎಂ. ಸಿಕ್ಕರೆ ತನ್ನಿ, ಇಲ್ಲದಿದ್ದರೆ ನಿಮ್ಮ ಹತ್ತಿರ ಇರುವ 50 ಸಾಕು. ಲೆನ್ಸಿನ ಮಾತು ಇಷ್ಟೇ. ನನಗೆ ಹೇಳಬೇಕೆನಿಸುವುದೆಲ್ಲ ಬಿಸಿಲಿನ ಬಗ್ಗೆ.

ಮದುವೆ ಏಪ್ರಿಲ್ ಕೊನೆಯ ವಾರ, ಮುಹೂರ್ತ ಮಧ್ಯಾಹ್ನ 12ರ ಆಸುಪಾಸು ಎಂದಿದ್ದೀರಿ. ಆ ವಾರದಲ್ಲಿ ನಿಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ ಸೂರ್ಯ. ನಮ್ಮ ವೈಶಾಖದ ಲಗ್ನಗಳೆಲ್ಲ ಬೀಳುವುದು ಈ ನೆತ್ತಿಬಿಸಿಲಿನಲ್ಲೇ. ಕೋಲಿನ ನೆರಳು ಬುಡದೊಳಗೆ ಸೇರಿಕೊಳ್ಳುವ ಹೊತ್ತಿನಲ್ಲಿ ಮನುಷ್ಯನ ಮುಖದ ಮೇಲಿನ ನೆರಳುಗಳೆಲ್ಲ ಕೆಳಕ್ಕೆ ಇಳಿಯುತ್ತವೆ. ಹುಬ್ಬಿನ ಕೆಳಗೆ ಕಣ್ಣು ಕಪ್ಪು ಗುಳಿಯಾಗುತ್ತದೆ. ಮೂಗಿನ ನೆರಳು ಮೇಲ್ದುಟಿಯವರೆಗೆ ಚಾಚುತ್ತದೆ. ಬಾಸಿಂಗ ಕಟ್ಟಿದ ಹಣೆಯಾದರೆ ಅದರ ನೆರಳೂ ಸೇರಿಕೊಳ್ಳುತ್ತದೆ. ಜೀವನದ ಅತ್ಯಂತ ಸಂಭ್ರಮದ ದಿನ ಇಬ್ಬರೂ ನಿದ್ದೆಗೆಟ್ಟವರಂತೆ ಕಾಣುವುದು ಇದರಿಂದ. ಎಷ್ಟು ದೊಡ್ಡ ಕ್ಯಾಮೆರಾ ತಂದರೂ ಇದು ಸರಿಹೋಗುವುದಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಸರಿಹೋಗುತ್ತದೆ.

ನಿಮ್ಮಲ್ಲಿ ಆ ಜಾಗ ಇದೆ. ಮುಂದಿನ ಅಂಗಳವನ್ನು ಚಪ್ಪರ ಮುಚ್ಚಿರುತ್ತದೆ, ಅದನ್ನು ಬಿಡಿ. ಅಡಿಕೆ ಹರಡುವ ಬಯಲಿನ ಕಡೆಗೆ ಪಕ್ಕದ ಜಗುಲಿ ಇದೆಯಲ್ಲ, ಹೋದ ವರ್ಷ ನಾವು ಕೂತು ಕಾಫಿ ಕುಡಿದದ್ದು, ಅದು ನಿಮ್ಮ ಸ್ಟುಡಿಯೋ. ಸೂರು ನೆತ್ತಿಯ ಬಿಸಿಲನ್ನು ತಡೆಯುತ್ತದೆ. ಎದುರಿನ ಬಯಲು ಮತ್ತು ಅದರ ಮೇಲಿನ ಆಕಾಶ ಎರಡೂ ಸೇರಿ ಎದುರಿನಿಂದ, ಕೊಂಚ ಕೆಳಗಿನಿಂದಲೂ, ಮೆತ್ತನೆಯ ಬೆಳಕನ್ನು ಒಳಗೆ ತಳ್ಳುತ್ತವೆ. ಮದುಮಕ್ಕಳನ್ನು ತೀರಾ ಒಳಗೆ ಗೋಡೆಗೆ ಆನಿಸಿ ನಿಲ್ಲಿಸಬೇಡಿ. ನೆಲದ ಮೇಲೆ ಸೂರಿನ ನೆರಳು ಮುಗಿಯುವ ಗೆರೆ ಕಾಣುತ್ತದೆ, ಅಲ್ಲಿಂದ ಎರಡು ಹೆಜ್ಜೆ ಒಳಗೆ, ಬಯಲಿಗೆ ಮುಖ ಮಾಡಿ. ಸರಿಯಾಯಿತೋ ಇಲ್ಲವೋ ತಿಳಿಯಲು ಹುಡುಗಿಯ ಕಣ್ಣು ನೋಡಿ. ಕಪ್ಪು ಗುಡ್ಡೆಯಲ್ಲಿ ಆಕಾಶದ ಒಂದು ಬಿಳಿ ತುಣುಕು ಹೊಳೆಯುತ್ತಿದ್ದರೆ ಬೆಳಕು ಸರಿ ಇದೆ. ಇಲ್ಲದಿದ್ದರೆ ಇನ್ನರ್ಧ ಹೆಜ್ಜೆ ಮುಂದೆ ಕರೆಯಿರಿ. ಹಿಂದಿನ ಗೋಡೆ ಕತ್ತಲಾಗಿ ಮುಖ ತಾನಾಗಿ ಎದ್ದು ಬರುತ್ತದೆ.

ಚಪ್ಪರದೊಳಗೆ ಯಾಕೆ ಬೇಡ ಎಂದು ಕೇಳುತ್ತೀರಿ. ಸೋಗೆ ಹೊದೆಸಿದ್ದರೆ ಸಂದಿಗಳಿಂದ ಬಿಸಿಲಿನ ದುಂಡು ಚುಕ್ಕೆಗಳು ಬೀಳುತ್ತವೆ. ನೆಲದ ಮೇಲೆ ಅವು ಚೆಂದ, ಕೆನ್ನೆಯ ಮೇಲೆ ಬಿದ್ದರೆ ಬಿಳಿ ಕಲೆ. ಬಣ್ಣದ ಶಾಮಿಯಾನ ಆದರಂತೂ ಇನ್ನೂ ಕಷ್ಟ. ಹಿಂದೊಮ್ಮೆ ಕೆಂಪು ಹಳದಿ ಪಟ್ಟೆಯ ಬಟ್ಟೆಯ ಕೆಳಗೆ ಒಂದು ಜೋಡಿಯನ್ನು ನಿಲ್ಲಿಸಿ ತೆಗೆದಿದ್ದೆ. ಗಂಡಿನ ಮುಖ ಕೆಂಪು, ಹೆಣ್ಣಿನ ಮುಖ ಅರ್ಧ ಹಳದಿ. ಇಬ್ಬರಿಗೂ ಒಂದೇ ಬಣ್ಣವಾಗಿದ್ದರೆ ಕಂಪ್ಯೂಟರಿನಲ್ಲಿ ತಿದ್ದಬಹುದಿತ್ತು. ಎರಡು ಬಣ್ಣ ಬೆರೆತದ್ದನ್ನು ಬಿಡಿಸಲಾಗಲಿಲ್ಲ. ಆ ತಾಯಿ ಚಿತ್ರ ಹಿಡಿದು ಸುಮ್ಮನೆ ಕೂತದ್ದು ಇವತ್ತಿಗೂ ಕಣ್ಣಮುಂದೆ ಇದೆ. ಅಡಿಕೆ ತೋಟದ ಒಳಗೂ ಇದೇ ತೊಂದರೆ, ಅಲ್ಲಿ ಎಲೆ ಸೋಸಿದ ಬೆಳಕಿಗೆ ಮುಖ ಹಸಿರಾಗುತ್ತದೆ. ತೋಟ ಹಿನ್ನೆಲೆಯಾಗಿರಲಿ, ಜೋಡಿ ತೋಟದ ಅಂಚಿಗೆ ಬಂದು ನಿಲ್ಲಲಿ. ಆಗ ಅಡಿಕೆ ಮರದ ಕಾಂಡ ಯಾರ ತಲೆಯಿಂದಲೂ ಮೇಲೆದ್ದು ಬೆಳೆದಂತೆ ಕಾಣದ ಹಾಗೆ ನೋಡಿಕೊಳ್ಳಿ. ನೀವು ಒಂದು ಗೇಣು ಪಕ್ಕಕ್ಕೆ ಸರಿದರೆ ಸಾಕು, ಎರಡು ತಲೆಗಳೂ ಎರಡು ಮರಗಳ ನಡುವಿನ ಖಾಲಿಯಲ್ಲಿ ಬಂದು ಕೂರುತ್ತವೆ.

ಜಗುಲಿಯಲ್ಲೂ ಬೆಳಕು ಸಾಲದೆನಿಸಿದರೆ ಎರಡು ಥರ್ಮಾಕೋಲ್ ಹಾಳೆ ಇಟ್ಟುಕೊಳ್ಳಿ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋ ಒಳಕ್ಕೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ತಂದವರು. ಇರುವ ಬಿಸಿಲನ್ನೇ ಬೇಕಾದಲ್ಲಿಗೆ ಕರೆದುಕೊಂಡು ಹೋಗಬಹುದು ಎಂಬುದನ್ನು ನಾನು ಕಲಿತದ್ದು ಅವರ ಕೆಲಸ ನೋಡಿ. ಮುಖಕ್ಕೆ ಮಾತ್ರ ಕನ್ನಡಿ ಬೇಡ, ಕಣ್ಣು ಕುಕ್ಕುತ್ತದೆ. ಬಿಸಿಲಿನಲ್ಲಿ ನಿಂತ ಒಬ್ಬ ಹುಡುಗ ಹಾಳೆಯನ್ನು ಎದೆಯ ಎತ್ತರದಲ್ಲಿ ಹಿಡಿದು ಜೋಡಿಯ ಕಡೆ ವಾಲಿಸಲಿ. ಹಾಳೆ ಇಲ್ಲದಿದ್ದರೆ ಬಿಳಿ ಪಂಚೆಯನ್ನು ಇಬ್ಬರು ಬಿಡಿಸಿ ಹಿಡಿದರೂ ಅದೇ ಕೆಲಸ ಆಗುತ್ತದೆ.

ಪಂಚೆ ಎಂದಾಗ ನೆನಪಾಯಿತು. ಗಂಡು ಉಟ್ಟಿರುವುದು ಬಿಳಿ ಪಂಚೆ, ಹೊದ್ದಿರುವುದು ಬಿಳಿ ಶಲ್ಯ. ಕ್ಯಾಮೆರಾ ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಬೆಳಕು ಹೆಚ್ಚಾಯಿತೆಂದು ಎಣಿಸಿ ಎಲ್ಲವನ್ನೂ ಮಂಕು ಮಾಡುತ್ತದೆ, ಮುಖವೂ ಅದರ ಜೊತೆ ಕಪ್ಪಾಗುತ್ತದೆ. ಹುಡುಗಿಯ ಕಡುಹಸಿರು ಧಾರೆ ಸೀರೆ ಚೌಕಟ್ಟು ತುಂಬಿದರೆ ಇದಕ್ಕೆ ತಿರುಗಾಮುರುಗಾ. ಹಾಗಾಗಿ ಬಟ್ಟೆಯನ್ನು ಅಳೆಯಬೇಡಿ, ಕೆನ್ನೆಯನ್ನು ಅಳೆಯಿರಿ. ಹತ್ತಿರ ಹೋಗಿ ಮುಖವಷ್ಟೇ ತುಂಬುವ ಹಾಗೆ ಅಳತೆ ತೆಗೆದು, ಅದನ್ನೇ ಹಿಡಿದಿಟ್ಟುಕೊಂಡು ಹಿಂದೆ ಬನ್ನಿ. ಜರಿ ಅಂಚು ಎಲ್ಲೋ ಒಂದೆರಡು ಕಡೆ ಉರಿದುಹೋದರೆ ಹೋಗಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ನಿಮ್ಮ ಹುಡುಗಿ ಎಣ್ಣೆಗೆಂಪು ಬಣ್ಣದವಳು. ಆಲ್ಬಮ್ಮಿಗೆ ಕೊಡುವಾಗ ಯಾರೂ ಅವಳ ಬಣ್ಣ ತಿಳಿ ಮಾಡದಂತೆ ಕಾಯಿರಿ. ನಾನು ತೆಗೆದ ಒಂದು ಚಿತ್ರವನ್ನು ಅಚ್ಚು ಹಾಕುವವರು ಕೇಳದೆಯೇ ಬೆಳ್ಳಗೆ ಮಾಡಿ ಕಳಿಸಿದ್ದರು. ಮದುಮಗಳ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, “ಇದು ಯಾರ ಮನೆ ಕೂಸು?” ಎಂದು ಕೇಳಿದರು. ಇಡೀ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದೆ. ಆ ಮೈಬಣ್ಣಕ್ಕೆ ಪಕ್ಕದಿಂದ ಬರುವ ಮೆದು ಬೆಳಕು ಬಿದ್ದಾಗ ಗಲ್ಲದ ಏರಿನಲ್ಲಿ ತಾಮ್ರದ ಹೊಳಪು ಬರುತ್ತದೆ. ಬಣ್ಣ ತಿಳಿ ಮಾಡಿದರೆ ಮೊದಲು ಹೋಗುವುದು ಆ ಹೊಳಪೇ.

ಬೆಳಕು ಪಕ್ಕದಿಂದ ಬಂದರೆ ಇನ್ನೊಂದು ಎಚ್ಚರ ಬೇಕು. ಬೆಳಕಿಗೆ ಹತ್ತಿರ ನಿಂತವರು ಇನ್ನೊಬ್ಬರ ಮುಖಕ್ಕೆ ಅಡ್ಡವಾಗುತ್ತಾರೆ, ಅದರಲ್ಲೂ ಗಂಡು ಎತ್ತರದವನಾದರೆ. ಇಬ್ಬರನ್ನೂ ತುಸು ಬೆಳಕಿನ ಕಡೆಗೇ ತಿರುಗಿಸಿ, ಅಥವಾ ಹುಡುಗಿಯನ್ನು ಬೆಳಕಿನ ಕಡೆ ನಿಲ್ಲಿಸಿ. ಜಗುಲಿಯ ಮೆಟ್ಟಿಲು ಎತ್ತರದ ವ್ಯತ್ಯಾಸಕ್ಕೂ ಒದಗುತ್ತದೆ. ಅವಳು ಮೇಲಿನ ಮೆಟ್ಟಿಲಲ್ಲಿ, ಅವನು ಕೆಳಗೆ.

ಇಬ್ಬರ ನಡುವಿನ ಅಂತರ ನೀವು ನಿರ್ಧರಿಸಬೇಡಿ. ಹಣೆಗೆ ಹಣೆ ತಾಗಿಸಿ, ಸೊಂಟ ಹಿಡಿ ಎನ್ನುವ ಭಂಗಿಗಳಿಗೆ ಊರವರೆಲ್ಲ ನೋಡುತ್ತಿರುವಾಗ ಮೈ ಮರಗಟ್ಟುತ್ತದೆ. ಕೈಗೊಂದು ಕೆಲಸ ಕೊಡಿ. ಅವಳ ಹಾರದಲ್ಲಿ ಸಿಕ್ಕಿಕೊಂಡ ಸರ ಅವನು ಬಿಡಿಸಲಿ, ಅವನ ಶಲ್ಯದ ಮಡಿಕೆ ಅವಳು ಸರಿಮಾಡಲಿ. ಆ ಕೆಲಸ ಮುಗಿದ ಮೇಲೆ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ನೀವು ಕಾಯಬೇಕಾದದ್ದು ಆ ಕ್ಷಣಕ್ಕೆ. ಅವರು ನೋಡುವ ದಿಕ್ಕಿನಲ್ಲಿ ಚೌಕಟ್ಟಿನೊಳಗೆ ಹೆಚ್ಚು ಜಾಗ ಬಿಡಿ.

ಸಂಜೆಯ ಹೊಂಬೆಳಕಿನ ಆಸೆಯನ್ನೂ ಬರೆದಿದ್ದೀರಿ. ಪುಸ್ತಕಗಳು ಅದನ್ನು ಒಂದು ಗಂಟೆ ಎನ್ನುತ್ತವೆ, ನಮ್ಮ ಸೀಮೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಇಲ್ಲಿ ಸೂರ್ಯ ಓರೆಯಾಗಿ ಜಾರದೆ ಬಹುತೇಕ ನೇರವಾಗಿ, ಗಂಟೆಗೆ ಹತ್ತಿರಹತ್ತಿರ 15 ಡಿಗ್ರಿಯಂತೆ ಇಳಿಯುತ್ತಾನೆ. ಹೊಂಬೆಳಕು ಸಿಗುವ ಕೊನೆಯ 6 ಡಿಗ್ರಿಗೆ 25 ನಿಮಿಷ ಮಾತ್ರ. ನಿಮ್ಮ ಮನೆಯ ಪಡುವಣಕ್ಕೆ ಗುಡ್ಡ ಬೇರೆ ಇದೆ. ಹೊತ್ತು ಮುಳುಗುವುದು ಆರೂ ಮುಕ್ಕಾಲರ ಸುಮಾರಿಗಾದರೂ ಬಯಲಿನಲ್ಲಿ ಬಿಸಿಲು ಆರಕ್ಕೇ ಹೋಗಬಹುದು. ಮದುವೆಗೆ ಎರಡು ದಿನ ಮೊದಲು ಅದೇ ಜಾಗದಲ್ಲಿ ನಿಂತು ಗಡಿಯಾರ ನೋಡಿಕೊಳ್ಳಿ. ಸೂರ್ಯನನ್ನು ಜೋಡಿಯ ಬೆನ್ನಿಗೆ ಹಾಕಿ, ಕೂದಲಿಗೂ ಮಲ್ಲಿಗೆ ದಂಡೆಗೂ ಬೆಳಕಿನ ಅಂಚು ಬರಲಿ, ಮುಖಕ್ಕೆ ಹಾಳೆಯಿಂದ ಬೆಳಕು ಮರಳಲಿ. ಫ್ಲಾಷ್ ಬಳಸುವುದಾದರೆ ಶಟರ್ 1/200 ದಾಟಿಸಬೇಡಿ, ಸಾಮಾನ್ಯ ಕ್ಯಾಮೆರಾಗಳಲ್ಲಿ ಅದರಾಚೆ ಚೌಕಟ್ಟಿನ ಒಂದು ಭಾಗ ಕಪ್ಪಾಗುತ್ತದೆ. ಒಂದೇ ಫ್ಲಾಷ್ ಆದರೆ ದೂರ ಇಡಿ. ಒಬ್ಬರಿಗೆ 1 ಮೀಟರ್, ಇನ್ನೊಬ್ಬರಿಗೆ 1.4 ಮೀಟರ್ ಆದರೆ ದೂರದ ಮುಖಕ್ಕೆ ಅರ್ಧ ಬೆಳಕೇ ತಲುಪುತ್ತದೆ.

ಅರುಂಧತಿ ದರ್ಶನವನ್ನು ಬಿಡಬೇಡಿ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವ ನೀವು, ಆ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಡಿ. ಆದರೆ ಪುರೋಹಿತರು ಜೋಡಿಯನ್ನು ಬಯಲಿಗೆ ಕರೆದುಕೊಂಡು ಬಂದು ಉತ್ತರಕ್ಕೆ ಬೆರಳು ತೋರಿಸುವಾಗ ನೀವು ಅವರಿಗಿಂತ ಮುಂದೆ, ಒಂದು ಮಣೆಯ ಮೇಲೆ ಹತ್ತಿ ನಿಂತಿರಿ. ಹಗಲಿನಲ್ಲಿ ನಕ್ಷತ್ರ ಕಾಣುವುದಿಲ್ಲ. ಆದರೂ ಇಬ್ಬರೂ ಮುಖವೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕುತ್ತಾರೆ. ಇಷ್ಟು ಹೊತ್ತು ಕಣ್ಣಿಗೆ ಗುಳಿ ತೋಡಿದ ಅದೇ ನೆತ್ತಿಬಿಸಿಲು ಮುಖವೆತ್ತಿದೊಡನೆ ಕೆನ್ನೆಯ ಮೇಲೆಲ್ಲ ಸಮನಾಗಿ ಹರಡುತ್ತದೆ. ಬಾಯಿ ತುಸು ತೆರೆದಿರುತ್ತದೆ. ಯಾವ ಭಂಗಿಯನ್ನೂ ಹೇಳಿಕೊಡಬೇಕಾಗಿಲ್ಲ.

ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ ಮೋಡವಿಲ್ಲದಿದ್ದರೆ, ಅವರಿಬ್ಬರನ್ನು ಅದೇ ಜಾಗಕ್ಕೆ ಇನ್ನೊಮ್ಮೆ ಕರೆತನ್ನಿ. ಆ ಕಾಲದಲ್ಲಿ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಬಾಲದ ನಡುವಿನ ಚುಕ್ಕಿ ವಸಿಷ್ಠ, ಅದಕ್ಕೆ ಒತ್ತಿಕೊಂಡ ಮಸುಕು ಚುಕ್ಕಿ ಅರುಂಧತಿ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಅಗಲದ ಲೆನ್ಸಿಟ್ಟು, ಶಟರನ್ನು 10 ಸೆಕೆಂಡು ತೆರೆದಿಡಿ. ಫ್ಲಾಷನ್ನು ಇರುವುದರಲ್ಲೇ ಕನಿಷ್ಠ ಶಕ್ತಿಗೆ ಇಳಿಸಿ, ಜಗುಲಿಯ ಸುಣ್ಣದ ಗೋಡೆಗೆ ತಿರುಗಿಸಿ ಒಂದೇ ಒಂದು ಸಲ ಮಿಂಚಿಸಿ. ಅಷ್ಟು ಹೊತ್ತು ಅಲುಗಾಡದೆ ನಿಲ್ಲಿ ಎಂದು ಇಬ್ಬರಿಗೂ ಹೇಳಿ, ಚಪ್ಪರದ ದೀಪಗಳನ್ನು ಆರಿಸಲು ಯಾರನ್ನಾದರೂ ಮೊದಲೇ ನಿಲ್ಲಿಸಿರಿ.

ಥರ್ಮಾಕೋಲ್ ಹಾಳೆ ಎರಡರ ಬದಲು ಮೂರು ತರಿಸಿ. ಸಂಜೆಯ ಗಾಳಿಗೆ ಒಂದಾದರೂ ಮುರಿಯುತ್ತದೆ. ತಂಗಿಗೆ ನನ್ನ ನಮಸ್ಕಾರ ತಿಳಿಸಿ, ಹುಡುಗಿಗೆ ಆಶೀರ್ವಾದ.

ಇಂತಿ ನಿಮ್ಮ ಗೆಳೆಯ